ಸುಂಕದ ಕಟ್ಟೆಯಲ್ಲಿ ಮದ್ದಿನ ಪೊಟ್ಟಣ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಹೊತ್ತ ಹೊರೆಯ ಭಾರ, ನಡೆದ ದಾರಿಯ ದಣಿವು, ಮನೆಯ ಕಷ್ಟ ಇವಾವುವೂ ಸುಂಕದವನಿಗೆ ಬೇಕಾಗಿಲ್ಲ. ಮೂಟೆಯಲ್ಲಿ ಏನಿದೆ, ಎಷ್ಟಿದೆ, ಅದರ ಬೆಲೆಯೇನು ಎಂಬುದಷ್ಟೇ ಅವನಿಗೆ ಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದನು. ತನ್ನ ಕಾಯಕದ ಮಾತುಗಳನ್ನೇ ಅವನು ಅನುಭಾವಕ್ಕೆ ಬಳಸಿಕೊಂಡನು. ಸುಂಕದ ಕಟ್ಟೆ ನಮಗೆ ಅಷ್ಟು ಪರಿಚಿತವಾದುದು. ಆದರೂ ಆ ಗಾದೆಯ ಪೂರ್ಣಾರ್ಥ ನಮ್ಮ ಪಟಮಟದ ಮನೆಗಳಿಗೆ ತಿಳಿದುಬಂದುದು ಮಕ್ಕಳು ಕಡಲು ದಾಟಿದ ಮೇಲೆಯೇ ಎನ್ನಬೇಕು.

ನಮ್ಮಲ್ಲಿ ಹಲವರು ಉದ್ಯೋಗ ವ್ಯಾಪಾರಗಳ ನಿಮಿತ್ತ ಕರ್ನಾಟಕವನ್ನು ಬಿಟ್ಟು, ಆಲಮಟ್ಟಿಯನ್ನು ದಾಟಿ ಬರುವ ಕೃಷ್ಣೆಯಂತೆಯೇ ಕೆಳಕ್ಕೆ ಬಂದು ವಿಜಯವಾಡದಲ್ಲಿ ನೆಲೆ ನಿಂತವರು. ಇನ್ನು ಕೆಲವರು ವಿಶಾಖಪಟ್ಟಣದ ಬಂದರು, ಕಾರ್ಖಾನೆಗಳಲ್ಲಿ ದುಡಿದವರು. ಊರಿನಿಂದ ಬರುವ ಬುತ್ತಿಗೆ ಅಂದು ಯಾವ ಅಡ್ಡಿಯೂ ಇರಲಿಲ್ಲ. ಹುಬ್ಬಳ್ಳಿಯ ಕಡೆಯಿಂದ ಗುಂತಕಲ್ಲು ಮಾರ್ಗವಾಗಿ ಬರುವ ರೈಲಿನಲ್ಲಿ ಯಾರಾದರೂ ಪರಿಚಿತರು ಹೊರಟರೆ ಸಾಕು, ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಅಜ್ಜಿ ಕುಟ್ಟಿದ ಕಷಾಯದ ಪುಡಿ ಎಲ್ಲವೂ ಮನೆ ಸೇರುತ್ತಿದ್ದವು. ಈಗ ಕಳುಹಿಸುವವರು ನಾವು, ಪಡೆಯುವವರು ನಮ್ಮ ಮಕ್ಕಳು. ಅವರಿರುವುದು ಅಮೆರಿಕದಲ್ಲಿ, ಆಸ್ಟ್ರೇಲಿಯದಲ್ಲಿ, ಕೊಲ್ಲಿ ನಾಡುಗಳಲ್ಲಿ. ‘ಅಮ್ಮಾ, ಆ ಮಾತ್ರೆ ಇಲ್ಲಿ ಚೀಟಿಯಿಲ್ಲದೆ ಕೊಡುವುದಿಲ್ಲ, ಎರಡು ಪಟ್ಟಿ ಕಳಿಸು’ ಎಂದು ಮಗಳು ದೂರವಾಣಿಯಲ್ಲಿ ಹೇಳುತ್ತಾಳೆ. ತಾಯಿ ಮರುದಿನವೇ ಬೆಂಜ್ ಸರ್ಕಲ್ ಬಳಿಯ ಅಂಗಡಿಯಿಂದ ಮಾತ್ರೆ ತಂದು, ಉಪ್ಪಿನಕಾಯಿಯ ಡಬ್ಬಿಯ ಪಕ್ಕದಲ್ಲಿಟ್ಟು, ಪೆಟ್ಟಿಗೆ ಹೊಲಿಸಿ ಅಂಚೆ ಕಚೇರಿಗೆ ಹೋಗುತ್ತಾಳೆ. ಆ ಪೆಟ್ಟಿಗೆ ಎಲ್ಲೋ ತಡೆಯಲ್ಪಡುತ್ತದೆ. ಮೂರು ವಾರಗಳ ಬಳಿಕ ಮಗಳಿಗೆ ಸುಂಕದ ಇಲಾಖೆಯ ಕಾಗದ ಬರುತ್ತದೆ.

ಸುಂಕ ಕಟ್ಟಿದರೆ ಮುಗಿಯುವ ಸಂಗತಿಯಾಗಿದ್ದರೆ ಆರೋಗ್ಯದ ಲೇಖನಗಳ ನಡುವೆ ಇದಕ್ಕೆ ಸ್ಥಳ ಬೇಕಾಗಿರಲಿಲ್ಲ. ಆದರೆ ಪೆಟ್ಟಿಗೆಯಲ್ಲಿರುವುದು ಮದ್ದು. ಅದು ಸಕಾಲಕ್ಕೆ ತಲುಪದಿದ್ದರೆ ರೋಗಿಗೆ ಅಪಾಯ, ತಲುಪಬಾರದ ಮದ್ದು ತಲುಪಿದರೂ ಅಪಾಯ. ಆದುದರಿಂದ ಈ ವಿಷಯವನ್ನು ಕಳುಹಿಸುವವರ ದೃಷ್ಟಿಯಿಂದಲೂ, ಪಡೆಯುವವರ ದೃಷ್ಟಿಯಿಂದಲೂ ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಸುಂಕದ ಕಟ್ಟೆಗೆ ಮೂರು ಬಾಗಿಲು

ಸುಂಕವೆಂದರೆ ಬೊಕ್ಕಸಕ್ಕೆ ಹಣ ಎಂಬುದು ಸಾಮಾನ್ಯ ತಿಳಿವಳಿಕೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವನ್ನು ನೋಡಿದರೆ ಅಂದಿಗೇ ಇನ್ನೊಂದು ಉದ್ದೇಶವೂ ಇತ್ತೆಂದು ತಿಳಿಯುತ್ತದೆ. ನಾಡಿಗೆ ಕೇಡು ತರುವ ಸರಕನ್ನು ತಡೆಯಬೇಕು. ಬಹಳ ಉಪಕಾರವಾಗುವ ಸರಕನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಬಿಡಬೇಕು ಎಂಬುದು ಅಲ್ಲಿಯ ಅಭಿಪ್ರಾಯ. ಇಂದಿನ ಎಲ್ಲ ದೇಶಗಳ ಸುಂಕದ ಕಟ್ಟೆಗಳೂ ಈ ಎರಡನೆಯ ಕೆಲಸವನ್ನು ಬಹು ಕಟ್ಟುನಿಟ್ಟಾಗಿ ಮಾಡುತ್ತವೆ.

ನಮ್ಮ ಪೆಟ್ಟಿಗೆ ದಾಟಬೇಕಾದ ಬಾಗಿಲುಗಳು ಮೂರು. ಮೊದಲನೆಯದು ಬೆಲೆಯ ಬಾಗಿಲು: ಇಷ್ಟು ಬೆಲೆಯ ಉಡುಗೊರೆಗೆ ಸುಂಕವಿಲ್ಲ, ಮೀರಿದರೆ ಉಂಟು. ಎರಡನೆಯದು ಬೆಳೆ ಮತ್ತು ಪಶುಗಳ ರಕ್ಷಣೆಯ ಬಾಗಿಲು. ಮೂರನೆಯದು ಔಷಧ ಮತ್ತು ಮಾದಕ ದ್ರವ್ಯಗಳ ಬಾಗಿಲು. ಮೊದಲನೆಯ ಬಾಗಿಲಿನಲ್ಲಿ ತಪ್ಪಿದರೆ ಹಣ ಹೋಗುತ್ತದೆ. ಎರಡನೆಯದರಲ್ಲಿ ತಪ್ಪಿದರೆ ಪದಾರ್ಥ ಸುಟ್ಟುಹೋಗುತ್ತದೆ, ಕೆಲವೆಡೆ ದಂಡವೂ ಬೀಳುತ್ತದೆ. ಮೂರನೆಯದರಲ್ಲಿ ತಪ್ಪಿದರೆ ಪಡೆಯುವವನ ಉದ್ಯೋಗ, ವೀಸಾ, ಒಮ್ಮೊಮ್ಮೆ ಸ್ವಾತಂತ್ರ್ಯವೇ ಹೋಗಬಹುದು. ಪೆಟ್ಟಿಗೆ ಕಟ್ಟಿದವರು ನಾವಾದರೂ, ಆ ದೇಶದ ಕಾನೂನಿನ ಕಣ್ಣಿಗೆ ಮೊದಲು ಕಾಣುವುದು ಪಡೆಯುವವನ ವಿಳಾಸ ಎಂಬುದನ್ನು ತಂದೆತಾಯಿಗಳು ಮರೆಯಬಾರದು.

ಘೋಷಣಾ ಪತ್ರದ ಮಹತ್ವ

ವಿಶ್ವ ಅಂಚೆ ಒಕ್ಕೂಟವು 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸ್ಥಾಪಿತವಾಯಿತು. ಭಾರತವು 1876ರಲ್ಲಿ ಅದನ್ನು ಸೇರಿತು. ಆ ಒಕ್ಕೂಟದ ಏರ್ಪಾಡಿನಂತೆ ಹೊರದೇಶಕ್ಕೆ ಹೋಗುವ ಪ್ರತಿಯೊಂದು ಪೊಟ್ಟಣದ ಮೇಲೂ ಸುಂಕದ ಘೋಷಣಾ ಪತ್ರವಿರಬೇಕು. ಸಣ್ಣ ಪೊಟ್ಟಣಕ್ಕೆ ಸಿ.ಎನ್. 22 ಎಂಬ ಚಿಕ್ಕ ಚೀಟಿ, ಹೆಚ್ಚಿನ ಬೆಲೆಯ ಪಾರ್ಸೆಲಿಗೆ ಸಿ.ಎನ್. 23 ಎಂಬ ವಿವರವಾದ ನಮೂನೆ. ಒಳಗಿರುವ ಪ್ರತಿ ವಸ್ತುವಿನ ಹೆಸರು, ಸಂಖ್ಯೆ, ತೂಕ, ಬೆಲೆ, ತಯಾರಾದ ದೇಶ, ಮತ್ತು ಅದು ಉಡುಗೊರೆಯೋ ಮಾರಾಟದ ಸರಕೋ ಎಂಬುದನ್ನು ಬರೆದು ಕಳುಹಿಸುವವರು ಸಹಿ ಮಾಡಬೇಕು. 2021ರ ಜನವರಿ 1ರಿಂದ ಈ ವಿವರಗಳು ಗಣಕಯಂತ್ರದ ಮೂಲಕ ಮುಂಚಿತವಾಗಿಯೇ ಹೋಗಬೇಕೆಂಬ ನಿಯಮ ಜಾರಿಯಲ್ಲಿದೆ. ಅಂದರೆ ಪೊಟ್ಟಣ ವಿಮಾನವೇರುವ ಮೊದಲೇ ಪೊಟ್ಟಣದ ಸುದ್ದಿ ಆ ದೇಶವನ್ನು ಮುಟ್ಟಿರುತ್ತದೆ.

ಇಲ್ಲಿ ನಮ್ಮವರು ಮಾಡುವ ತಪ್ಪು ಎರಡು ಬಗೆಯದು. ಒಂದು, ‘ಮನೆಬಳಕೆಯ ವಸ್ತುಗಳು’, ‘ತಿನಿಸು’ ಎಂದು ಒಂದೇ ಮಾತಿನಲ್ಲಿ ಬರೆದುಬಿಡುವುದು. ಇಂತಹ ಅಸ್ಪಷ್ಟ ಮಾತು ಕಂಡೊಡನೆ ಪೆಟ್ಟಿಗೆಯನ್ನು ಒಡೆದು ನೋಡಬೇಕೆಂಬ ಸಂಶಯ ಅಧಿಕಾರಿಗೆ ಸಹಜವಾಗಿಯೇ ಹುಟ್ಟುತ್ತದೆ. ‘ಮನೆಯಲ್ಲಿ ಮಾಡಿದ ಶೇಂಗಾ ಚಟ್ನಿಪುಡಿ, 500 ಗ್ರಾಂ’. ‘ಹತ್ತಿಯ ಸೀರೆ, 1’ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಅರ್ಧ ಕೆಲಸ ಸುಗಮವಾದಂತೆ. ಇನ್ನೊಂದು, ಬೆಲೆಯನ್ನು ಕಡಿಮೆ ಬರೆಯುವುದು. ಹಾಗೆ ಬರೆದ ಪೆಟ್ಟಿಗೆ ಕಳೆದುಹೋದರೆ ಪರಿಹಾರವೂ ಆ ಕಡಿಮೆ ಬೆಲೆಗೇ ಸಿಕ್ಕುತ್ತದೆ. ಸಿಕ್ಕಿಬಿದ್ದರೆ ಮಕ್ಕಳ ಮುಂದಿನ ಪಾರ್ಸೆಲುಗಳ ಮೇಲೂ ಕಣ್ಣು ಬೀಳುತ್ತದೆ.

ಉಡುಗೊರೆಯ ಮಿತಿಗಳು ದೇಶದಿಂದ ದೇಶಕ್ಕೆ ಬೇರೆ. 2025ರಲ್ಲಿದ್ದಂತೆ ಬ್ರಿಟನ್ನಿನಲ್ಲಿ 39 ಪೌಂಡ್, ಐರೋಪ್ಯ ಒಕ್ಕೂಟದಲ್ಲಿ 45 ಯೂರೋ, ಕೆನಡದಲ್ಲಿ 60 ಕೆನಡ ಡಾಲರ್ ಬೆಲೆಯೊಳಗಿನ ಖಾಸಗಿ ಉಡುಗೊರೆಗೆ ತೆರಿಗೆಯಿಲ್ಲ. ಅಮೆರಿಕದಲ್ಲಿ 2016ರಿಂದ 800 ಡಾಲರಿನವರೆಗಿನ ಪಾರ್ಸೆಲುಗಳಿಗೆ ವಿನಾಯಿತಿ ಇತ್ತು. 2025ರ ಆಗಸ್ಟ್ 29ರಿಂದ ಆ ದೇಶ ಅದನ್ನು ಎಲ್ಲ ದೇಶಗಳ ಮಟ್ಟಿಗೂ ನಿಲ್ಲಿಸಿ, 100 ಡಾಲರಿನೊಳಗಿನ ನಿಜವಾದ ಉಡುಗೊರೆಗೆ ಮಾತ್ರ ರಿಯಾಯಿತಿಯನ್ನು ಉಳಿಸಿತು. ಸುಂಕವನ್ನು ಯಾರು, ಹೇಗೆ ವಸೂಲು ಮಾಡಬೇಕೆಂಬುದು ಸ್ಪಷ್ಟವಾಗದೆ, ನಮ್ಮ ಅಂಚೆ ಇಲಾಖೆಯು ಆಗಸ್ಟ್ ತಿಂಗಳ ಕೊನೆಗೆ ಅಮೆರಿಕದ ಟಪ್ಪಾಲು ಸ್ವೀಕರಿಸುವುದನ್ನೇ ನಿಲ್ಲಿಸಬೇಕಾಯಿತು. ಸುಂಕವನ್ನು ಇಲ್ಲಿಯೇ ಮುಂಗಡವಾಗಿ ಕಟ್ಟುವ ವ್ಯವಸ್ಥೆಯೊಡನೆ ಅಕ್ಟೋಬರ್ 15ರಂದು ಅದು ಮತ್ತೆ ಆರಂಭವಾಯಿತು. ದರಗಳೂ ನಿಯಮಗಳೂ ಹೀಗೆ ಬದಲಾಗುತ್ತಲೇ ಇರುವುದರಿಂದ, ಪ್ರತಿ ಬಾರಿಯೂ ಪೆಟ್ಟಿಗೆ ಹೊಲಿಸುವ ಮೊದಲು ಅಂಚೆ ಕಚೇರಿಯಲ್ಲಿ ವಿಚಾರಿಸುವುದು ಜಾಣತನ.

ನಿತ್ಯದ ಮಾತ್ರೆಗೆ ಪಾರ್ಸೆಲನ್ನು ನಂಬಬಾರದು

ಮೇಲೆ ಹೇಳಿದ ಆ ಆರೇಳು ವಾರಗಳನ್ನು ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಈ ಲೇಖನದ ಮುಖ್ಯ ಮಾತು ತಾನಾಗಿ ಮನದಟ್ಟಾಗುತ್ತದೆ. ಒಬ್ಬ ತರುಣ ಅಪಸ್ಮಾರಕ್ಕೆ ನಿತ್ಯವೂ ಮಾತ್ರೆ ನುಂಗುತ್ತಿದ್ದು, ಆ ಮಾತ್ರೆ ತಿಂಗಳಿಗೊಮ್ಮೆ ಊರಿನಿಂದಲೇ ಹೋಗಬೇಕೆಂದಾದರೆ, ಅಂಚೆ ನಿಂತ ದಿನ ಅವನ ಗತಿಯೇನು? ಅಪಸ್ಮಾರದ ಔಷಧವನ್ನು ಏಕಾಏಕಿ ನಿಲ್ಲಿಸಿದರೆ ಸೆಳವು ಮರುಕಳಿಸುವುದಲ್ಲದೆ, ಒಂದರ ಹಿಂದೆ ಒಂದು ಬಿಡದೆ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ರಕ್ತದೊತ್ತಡಕ್ಕೆ ಕೊಡುವ ಕ್ಲೋನಿಡಿನ್, ಪ್ರೊಪ್ರನೊಲಾಲ್ ಮುಂತಾದುವನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲೇರುವುದುಂಟು. ಹೃದ್ರೋಗಿಗಳಿಗೆ ಎದೆನೋವು ಕಾಣಿಸಬಹುದು. ಬಹುಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಿದವರು ತಟಕ್ಕನೆ ನಿಲ್ಲಿಸುವುದಂತೂ ತೀರ ಅಪಾಯಕರ. 2020ರಲ್ಲಿ ಕೊರೊನಾ ನಿಮಿತ್ತ ವಿಮಾನ ಸಂಚಾರವೇ ಸ್ಥಗಿತವಾದಾಗಲೂ ಇದೇ ಪಾಠವನ್ನು ಅನೇಕ ಕುಟುಂಬಗಳು ಕಲಿತವು.

ಮಕ್ಕಳು ಊರಿನ ಮಾತ್ರೆಗೆ ಆಸೆಪಡುವುದಕ್ಕೆ ಕಾರಣವಿಲ್ಲದೆ ಇಲ್ಲ. ಅಲ್ಲಿ ವೈದ್ಯರ ಭೇಟಿಗೆ ಹಣ ಹೆಚ್ಚು, ಸರದಿ ಉದ್ದ. ಇಲ್ಲಿ ಅದೇ ಔಷಧ ಅಗ್ಗ. ಆದರೂ ಮಧುಮೇಹ, ರಕ್ತದೊತ್ತಡ, ಥೈರಾಯ್ಡ್, ಅಪಸ್ಮಾರ ಇಂತಹ ನಿತ್ಯದ ರೋಗವುಳ್ಳವರು ಅಲ್ಲಿಗೆ ಹೋದ ಮೊದಲ ತಿಂಗಳಿನಲ್ಲಿಯೇ ಅಲ್ಲಿಯ ಒಬ್ಬ ವೈದ್ಯರಲ್ಲಿ ಹೆಸರು ನೋಂದಾಯಿಸಿಕೊಂಡು, ಔಷಧವನ್ನು ಅಲ್ಲಿಯ ಅಂಗಡಿಯಿಂದಲೇ ಪಡೆಯುವಂತೆ ಮಾಡಿಕೊಳ್ಳಬೇಕು. ಇದಕ್ಕೆ ಬೇಕಾದುದು ಮಾತ್ರೆಯ ಪಾರ್ಸೆಲಲ್ಲ, ಇಲ್ಲಿಯ ವೈದ್ಯರ ಒಂದು ಪತ್ರ. ರೋಗದ ಹೆಸರು, ಔಷಧದ ಮೂಲನಾಮ, ಪ್ರಮಾಣ, ಎಷ್ಟು ಕಾಲದಿಂದ ಸೇವಿಸುತ್ತಿರುವುದು ಎಂಬುದು ಅದರಲ್ಲಿರಬೇಕು. ಕಂಪನಿಯಿಟ್ಟ ಹೆಸರು ಅಲ್ಲಿ ಉಪಯೋಗಕ್ಕೆ ಬಾರದು. ಮೂಲನಾಮಗಳಲ್ಲಿಯೂ ವ್ಯತ್ಯಾಸವುಂಟು: ನಮ್ಮ ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸಿಟಮಿನೊಫೆನ್, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್, ಸಕ್ಕರೆ ಕಾಯಿಲೆಯ ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಇದು ತಿಳಿಯದೆ ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಎರಡು ಪಟ್ಟು ನುಂಗುವ ಪ್ರಮಾದವೂ ಆಗಬಹುದು.

ಇನ್‌ಸುಲಿನ್ ವಿಷಯದಲ್ಲಿ ಇನ್ನೊಂದು ಮಾತು. ತೆರೆಯದ ಇನ್‌ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿರಬೇಕು, ಹೆಪ್ಪುಗಟ್ಟಲೂ ಬಾರದು. ವಿಜಯವಾಡದ ಮೇ ತಿಂಗಳ ಬಿಸಿಲಿನಲ್ಲಿ ಗೋದಾಮಿನಲ್ಲಿ ಕುಳಿತು, ಅನಂತರ ದಿನಗಟ್ಟಲೆ ಸುಂಕದ ಕಟ್ಟೆಯಲ್ಲಿ ಕಾಯುವ ಸಾಧಾರಣ ಪೆಟ್ಟಿಗೆಯಲ್ಲಿ ಅದನ್ನು ಕಳುಹಿಸುವುದು ವ್ಯರ್ಥ. ಸೀಸೆ ನೋಡಲು ಮೊದಲಿನಂತೆಯೇ ಇದ್ದರೂ ಒಳಗಿನ ಶಕ್ತಿ ಕುಂದಿರುತ್ತದೆ.

ಕಳುಹಿಸಲೇಬೇಕಾದಾಗ

ಹಾಗಾದರೆ ಔಷಧವನ್ನು ಕಳುಹಿಸಲೇಬಾರದೇ? ಹಾಗಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ನಿಲ್ಲುವ ತಂದೆತಾಯಿಗಳು ನಮ್ಮ ನಡುವೆ ಎಷ್ಟೋ ಮಂದಿ. ಅಲ್ಲಿಯ ಆಹಾರ ಮತ್ತು ಔಷಧ ಆಡಳಿತದ ಪ್ರಕಾರ ಪ್ರವಾಸಿಯು ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಗಳ ಔಷಧವನ್ನು ಕೊಂಡೊಯ್ಯಬಹುದು. ಅದಕ್ಕೂ ಹೆಚ್ಚು ಕಾಲ ನಿಲ್ಲುವ ಪರದೇಶೀಯರು ಉಳಿದುದನ್ನು ಅಂಚೆಯಿಂದಲೋ ಕೊರಿಯರಿನಿಂದಲೋ ತರಿಸಿಕೊಳ್ಳುವುದಾದರೆ ವೈದ್ಯರ ಪತ್ರ, ಇಂಗ್ಲಿಷಿನಲ್ಲಿರುವ ಔಷಧ ಚೀಟಿ, ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಇವು ಪೊಟ್ಟಣದೊಡನೆ ಇರಬೇಕು. ಪಟಮಟದಲ್ಲಿ ನೆರೆಮನೆಯವರು ಔಷಧ ಕಳುಹಿಸಿಕೊಡುವಾಗ ಈ ನಕಲುಗಳನ್ನು ಪ್ರಯಾಣಕ್ಕೆ ಮುಂಚೆಯೇ ಅವರ ಕೈಯಲ್ಲಿ ಕೊಟ್ಟು ಹೋಗುವುದು ಒಳ್ಳೆಯದು.

ಬೇರೆ ದೇಶಗಳ ಕ್ರಮ ಬೇರೆ. ಆಸ್ಟ್ರೇಲಿಯದಲ್ಲಿ ಅಂಚೆಯ ಮೂಲಕ ಒಂದು ಸಲಕ್ಕೆ ಮೂರು ತಿಂಗಳ ಔಷಧಕ್ಕೆ ಅವಕಾಶವಿದ್ದರೂ, ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಕ್ಕೆ ಅಲ್ಲಿಯ ನೋಂದಾಯಿತ ವೈದ್ಯರ ಚೀಟಿಯೇ ಬೇಕು. ನಮ್ಮ ಊರಿನ ವೈದ್ಯರದು ಸಾಲದು. ಜಪಾನಿನಲ್ಲಿ ಒಂದು ತಿಂಗಳಿಗೆ ಮೀರಿದ ಚೀಟಿಯ ಔಷಧಕ್ಕೂ, ಎರಡು ತಿಂಗಳಿಗೆ ಮೀರಿದ ಸಾಧಾರಣ ಔಷಧಕ್ಕೂ ಮುಂಚಿತವಾದ ಅನುಮತಿ ಪತ್ರ ಬೇಕು. ನೆಗಡಿಗೆ ಕೊಡುವ ಸೂಡೊಎಫೆಡ್ರಿನ್ ಶೇಕಡ 10ಕ್ಕಿಂತ ಹೆಚ್ಚಿದ್ದರೆ ಅಲ್ಲಿ ಪೂರ್ಣ ನಿಷೇಧ.

ಅತ್ಯಂತ ಎಚ್ಚರಿಕೆ ಬೇಕಾದುದು ನಿಯಂತ್ರಿತ ಔಷಧಗಳಲ್ಲಿ. ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್. ಅಪಸ್ಮಾರಕ್ಕೆ ಕೊಡುವ ಫಿನೋಬಾರ್ಬಿಟೋನ್, ಕ್ಲೋಬಜಾಮ್, ಕ್ಲೊನಜೆಪಾಮ್ ಇವೆಲ್ಲ 1971ರ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಸೇರಿದವು. ಕೆಮ್ಮಿನ ಕೆಲವು ಔಷಧಗಳಲ್ಲಿರುವ ಕೊಡೀನ್, ನೋವಿಗೆ ಕೊಡುವ ಟ್ರಮಡಾಲ್ ಇವೂ ಅನೇಕ ದೇಶಗಳಲ್ಲಿ ಬಿಗಿಯಾದ ಹಿಡಿತದಲ್ಲಿವೆ. ಟ್ರಮಡಾಲನ್ನು ನಮ್ಮ ದೇಶವೂ 2018ರಲ್ಲಿ ಮಾದಕ ದ್ರವ್ಯಗಳ ಕಾನೂನಿನಡಿ ತಂದಿತು. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬಳು ಆಪ್ತನ ಬೆನ್ನುನೋವಿಗೆಂದು ಸುಮಾರು 290 ಟ್ರಮಡಾಲ್ ಮಾತ್ರೆಗಳನ್ನು ಈಜಿಪ್ಟಿಗೆ ಒಯ್ದು ಮೂರು ವರ್ಷಗಳ ಸೆರೆವಾಸದ ಶಿಕ್ಷೆಗೆ ಗುರಿಯಾದಳು. ಆಕೆಯ ಉದ್ದೇಶ ಉಪಕಾರವೇ ಆಗಿತ್ತು. ಆದರೆ ಸುಂಕದವನ ಮುಂದೆ ಸುಖದುಃಖ ನಡೆಯಲಿಲ್ಲ. ಕೊಲ್ಲಿ ನಾಡುಗಳಿಗೂ ಈ ಮಾತು ಅನ್ವಯಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಇಂತಹ ಔಷಧ ಒಯ್ಯುವವರು ಅಲ್ಲಿಯ ಸರಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಇಂತಹ ಮಾತ್ರೆಯನ್ನು ಯಾವ ಕಾರಣಕ್ಕೂ ಪಾರ್ಸೆಲಿನಲ್ಲಿ ಇಡಕೂಡದು.

ಮೊಮ್ಮಕ್ಕಳ ಜ್ವರಕ್ಕೆಂದು ಇಲ್ಲಿಂದ ಔಷಧ ಕಳುಹಿಸುವ ಅಜ್ಜಿ ಅಜ್ಜಂದಿರಿಗೂ ಒಂದು ಕಿವಿಮಾತು. ನಿಮೆಸುಲೈಡ್ ಎಂಬ ಜ್ವರದ ಔಷಧಕ್ಕೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದೆಂದು ನಮ್ಮ ಸರಕಾರವೂ 2011ರಲ್ಲಿ ನಿಷೇಧಿಸಿತು. ಮನೆಯಲ್ಲಿ ಉಳಿದ ಪ್ರತಿಜೀವಕ ಮಾತ್ರೆಗಳನ್ನು ‘ಇರಲಿ, ಬೇಕಾದೀತು’ ಎಂದು ಕಳುಹಿಸುವುದೂ ಸಲ್ಲದು.

ಬಾಣಂತಿಯ ಮದ್ದು, ಮಗುವಿನ ಕಾಡಿಗೆ

ಮಗಳು ಹೆತ್ತಳೆಂಬ ಸುದ್ದಿ ಬಂದೊಡನೆ ತಾಯಿಯ ಮನಸ್ಸು ಬಾಣಂತಿ ಲೇಹ್ಯದ ಕಡೆಗೆ ಓಡುವುದು ಸಹಜ. ಮೆಂತ್ಯ, ಒಣಶುಂಠಿ, ಅಳವಿ ಬೀಜ, ಅಂಟು, ಕೊಬ್ಬರಿ ಇವು ಆಹಾರ ಪದಾರ್ಥಗಳೇ, ಪ್ರಮಾಣದಲ್ಲಿದ್ದರೆ ಚಿಂತೆಯಿಲ್ಲ. ಆದರೆ ಭಸ್ಮ, ಸಿಂಧೂರ, ರಸೌಷಧಗಳು ಸೇರಿದ ಗುಳಿಗೆ ಲೇಹ್ಯಗಳ ಮಾತು ಬೇರೆ. 2004ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಸ್ಟನ್ ಸುತ್ತಮುತ್ತಲಿನ ನಮ್ಮ ಕಡೆಯ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಲಾಗಿ 14ರಲ್ಲಿ ಸೀಸ, ಪಾದರಸ ಅಥವಾ ಶಂಖಪಾಷಾಣ ಕಂಡುಬಂದಿತು. 2008ರಲ್ಲಿ ಅದೇ ತಂಡ 193 ಔಷಧಗಳನ್ನು ಪರೀಕ್ಷಿಸಿದಾಗಲೂ ಸುಮಾರು ಐದರಲ್ಲೊಂದು ಪಾಲಿನಲ್ಲಿ ಈ ಲೋಹಗಳಿದ್ದವು. ಭಾರತದಲ್ಲಿ ತಯಾರಾದವು ಮಾತ್ರವಲ್ಲ, ಅಮೆರಿಕದಲ್ಲಿಯೇ ತಯಾರಾದವುಗಳಲ್ಲಿಯೂ ಇದ್ದವು. ಇದು ಆಯುರ್ವೇದದ ನಿಂದೆಯೆಂದು ಯಾರೂ ಭಾವಿಸಬಾರದು. ರಫ್ತಾಗುವ ಗಿಡಮೂಲಿಕೆಯ ಆಯುರ್ವೇದ ಔಷಧಗಳಿಗೆ ಲೋಹದ ಪರೀಕ್ಷೆಯನ್ನು ನಮ್ಮ ಸರಕಾರವೇ 2006ರಿಂದ ಕಡ್ಡಾಯ ಮಾಡಿತು. ಹೆಸರಿಲ್ಲದ ಡಬ್ಬಿಯಲ್ಲಿ, ಪರೀಕ್ಷೆಯಿಲ್ಲದ ಮದ್ದನ್ನು ಹಾಲೂಡುವ ತಾಯಿಗೆ ಕಳುಹಿಸಬಾರದೆಂಬುದಷ್ಟೇ ಇಲ್ಲಿಯ ಮಾತು.

ಕಾಡಿಗೆಯ ವಿಷಯವೂ ಹೀಗೆಯೇ. ಮಗುವಿಗೆ ದೃಷ್ಟಿಯಾಗದಿರಲೆಂದು ಅಜ್ಜಿ ಕಳುಹಿಸುವ ಕಾಡಿಗೆಯ ಡಬ್ಬಿಯನ್ನು ಅಮೆರಿಕದ ಅಧಿಕಾರಿಗಳು ತಡೆಯಬಹುದು. ಸುರಮೆ, ಅಂಗಡಿಯ ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶ ಕಂಡುಬಂದಿರುವುದರಿಂದ ಕಣ್ಣಿಗೆ ಹಚ್ಚುವ ಈ ವಸ್ತುಗಳಿಗೆ ಅಲ್ಲಿ ಅನುಮತಿಯಿಲ್ಲ. ಮಗು ಕಣ್ಣುಜ್ಜಿದ ಕೈಯನ್ನು ಬಾಯಿಗಿಡುತ್ತದೆ. ಸೀಸ ದೇಹವನ್ನು ಸೇರಿ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಚಿಂತೆಯಿಲ್ಲ ಎನ್ನಬಹುದಾದ ಮಿತಿಯೇ ಇಲ್ಲವೆಂಬುದು ವೈದ್ಯಶಾಸ್ತ್ರದ ಇಂದಿನ ನಿಲುವು. ಇಲ್ಲಿ ಸುಂಕದವನು ತಡೆದುದು ಮಗುವಿನ ಒಳಿತಿಗೇ ಎನ್ನಬೇಕು.

ಗಸಗಸೆಯಿಂದ ಬ್ಯಾಡಗಿ ಮೆಣಸಿನಕಾಯಿಯವರೆಗೆ

ಗಸಗಸೆ ಪಾಯಸವಿಲ್ಲದ ಹಬ್ಬ ನಮ್ಮಲ್ಲಿ ಅಪೂರ್ವ. 1961ರ ಅಂತರರಾಷ್ಟ್ರೀಯ ಒಪ್ಪಂದವು ಅಫೀಮು ಗಿಡದ ಬೀಜವನ್ನು ನಿಯಂತ್ರಣದಿಂದ ಹೊರಗಿಟ್ಟಿದ್ದರೂ, ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯ, ಸಿಂಗಪುರಗಳಲ್ಲಿ ಗಸಗಸೆಗೆ ನಿಷೇಧವಿದೆ. ದುಬೈಗೆ ವೀಳ್ಯದೆಲೆಯೂ ಸಲ್ಲದು. ಅಲ್ಲಿರುವ ಮಗನಿಗೆ ಕಳುಹಿಸುವ ಮಸಾಲೆಯ ಪುಡಿಯಲ್ಲಿಯೂ ಗಸಗಸೆ ಬೆರೆಸಬಾರದು.

ಆಸ್ಟ್ರೇಲಿಯ ತನ್ನ ಬೆಳೆಯ ವಿಷಯದಲ್ಲಿ ಬಹು ಜಾಗರೂಕ. ನಮ್ಮ ಉಪಖಂಡದ ಖಾಪ್ರಾ ಎಂಬ ಕಾಳು ಕೊರೆಯುವ ಕೀಟ ಆಹಾರವಿಲ್ಲದೆಯೂ ವರ್ಷಗಟ್ಟಲೆ ಬದುಕಬಲ್ಲದು. ಅದಕ್ಕೆ ಹೆದರಿ 2020ರ ಅಕ್ಟೋಬರ್ 15ರಿಂದ ಅಂಚೆಯಲ್ಲಿ ಅಕ್ಕಿ, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಗಳಿಗೆ ಆ ದೇಶ ಬಾಗಿಲು ಮುಚ್ಚಿತು. ಹೀಗಾಗಿ ಹುಳಿಯ ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿಯೇ ಬೇಕೆನ್ನುವ ಸೊಸೆಗೆ ಅದನ್ನು ಅಲ್ಲಿಯ ಅಂಗಡಿಯಲ್ಲಿಯೇ ಹುಡುಕಿಕೊಳ್ಳುವಂತೆ ಹೇಳಬೇಕು. ಬ್ರಿಟನ್, ಯೂರೋಪುಗಳಿಗೆ ತುಪ್ಪವೇ ಮೊದಲಾದ ಹಾಲಿನ ಪದಾರ್ಥ ಹೋಗದು. ಇದು ಬರಿಯ ಹಟವಲ್ಲ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿ 60 ಲಕ್ಷಕ್ಕೂ ಹೆಚ್ಚು ಪಶುಗಳನ್ನು ಕೊಲ್ಲಬೇಕಾಯಿತು. ಕಳ್ಳದಾರಿಯಲ್ಲಿ ಬಂದ ಮಾಂಸವೇ ಅದಕ್ಕೆ ಮೂಲವಿರಬೇಕೆಂದು ನಂಬಲಾಗಿದೆ.

ಅಮೆರಿಕದ ಒಂದು ನಿಯಮ ಮಾತ್ರ ನಮ್ಮ ತಾಯಂದಿರ ಪರವಾಗಿದೆ. 2003ರ ಡಿಸೆಂಬರಿನಿಂದ ಆ ದೇಶಕ್ಕೆ ಕಳುಹಿಸುವ ಆಹಾರದ ಬಗ್ಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಬಂಧನೆ ಬಂದಿತು. ಆದರೆ ಒಬ್ಬರು ತಮ್ಮ ಮನೆಯಲ್ಲಿಯೇ ಮಾಡಿ, ತಾವೇ ಇನ್ನೊಬ್ಬರಿಗೆ ಖಾಸಗಿ ಉಡುಗೊರೆಯಾಗಿ ಕಳುಹಿಸುವ ಆಹಾರಕ್ಕೆ ಈ ನಿಬಂಧನೆಯಿಂದ ವಿನಾಯಿತಿಯುಂಟು. ಅಂಗಡಿಯ ಉಪ್ಪಿನಕಾಯಿಗೆ ಈ ಸೌಲಭ್ಯವಿಲ್ಲ. ತಾಯಿಯೇ ಕುಟ್ಟಿದ ಚಟ್ನಿಪುಡಿಗೆ ಉಂಟು. ಘೋಷಣೆಯಲ್ಲಿ ‘ಮನೆಯಲ್ಲಿ ಮಾಡಿದುದು, ಉಡುಗೊರೆ’ ಎಂಬ ಮಾತು ಇರತಕ್ಕದ್ದು.

ಅನ್ಯರ ಪೊಟ್ಟಣ, ಅನ್ಯರ ಕರೆ

‘ನೀವು ಹೇಗೂ ಹೊರಟಿದ್ದೀರಿ, ಇದೊಂದು ಪೊಟ್ಟಣ ಒಯ್ಯಿರಿ’ ಎಂಬ ಕೋರಿಕೆಯನ್ನು ನಮ್ಮವರು ತಳ್ಳಿಹಾಕಲಾರರು. 2019ರಲ್ಲಿ ಮುಂಬಯಿಯ ದಂಪತಿಗಳು ಬಂಧುವೊಬ್ಬರು ಕೊಟ್ಟ ಪೊಟ್ಟಣದೊಡನೆ ಕತಾರಿಗೆ ಹೋಗಿ, ಅದರಲ್ಲಿ ಮಾದಕ ದ್ರವ್ಯ ಸಿಕ್ಕಿ ಹತ್ತು ವರ್ಷಗಳ ಶಿಕ್ಷೆಗೆ ಒಳಗಾದರು. ನಿರ್ದೋಷಿಗಳೆಂದು ಬಿಡುಗಡೆಯಾಗಿ ಊರು ಸೇರಿದುದು 2021ರಲ್ಲಿ. ಅಷ್ಟರಲ್ಲಿ ಅವರ ಮಗು ಸೆರೆಮನೆಯಲ್ಲಿಯೇ ಹುಟ್ಟಿತ್ತು. ತಾವೇ ಬಿಚ್ಚಿ ನೋಡದ ಪೊಟ್ಟಣವನ್ನು, ಕೊಟ್ಟವರು ಎಷ್ಟೇ ಹತ್ತಿರದವರಾದರೂ, ಒಯ್ಯಬಾರದು.

ಇನ್ನೊಂದು ಅಪಾಯ ಮನೆಯಲ್ಲಿ ಕುಳಿತಿರುವ ವೃದ್ಧರನ್ನೇ ಹುಡುಕಿಕೊಂಡು ಬರುತ್ತಿದೆ. ‘ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಾವು ಸುಂಕದ ಇಲಾಖೆಯವರು’ ಎಂದು ದೂರವಾಣಿಯಲ್ಲಿ ಬೆದರಿಸಿ, ಗಂಟೆಗಟ್ಟಲೆ ಕದಲದಂತೆ ಕೂರಿಸಿ, ಜೀವಮಾನದ ಉಳಿತಾಯವನ್ನು ದೋಚುವ ವಂಚಕರಿದ್ದಾರೆ. ಮಕ್ಕಳಿಗೆ ಪಾರ್ಸೆಲು ಕಳುಹಿಸಿದ ತಂದೆತಾಯಿಗಳು ಈ ಮಾತನ್ನು ಬೇಗ ನಂಬುತ್ತಾರೆ. ಭಯದಿಂದ ರಕ್ತದೊತ್ತಡ ಏರಿ ಕುಸಿದುಬೀಳುವ ಸಂಭವವೂ ಉಂಟು. ದೂರವಾಣಿಯಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲವೆಂದು ಪ್ರಧಾನಮಂತ್ರಿಗಳೇ 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಹೇಳಿದರು. ಇಂತಹ ಕರೆ ಬಂದರೆ ಕೂಡಲೇ ಕಡಿದು, 1930 ಎಂಬ ಸಂಖ್ಯೆಗೆ ದೂರು ಕೊಡಬೇಕು.

ಪಾರ್ಸೆಲು ತಡೆದುನಿಂತಾಗ

ಪಡೆಯುವವರು ಗಾಬರಿಪಡಬಾರದು, ಸುಮ್ಮನಿರಲೂಬಾರದು. ಸುಂಕದ ಇಲಾಖೆಯ ಕಾಗದದಲ್ಲಿ ಉತ್ತರಕ್ಕೆ ಗಡುವಿರುತ್ತದೆ. ಅದರೊಳಗೆ ಅಂಗಡಿಯ ರಸೀತಿ, ವೈದ್ಯರ ಪತ್ರ, ಕಳುಹಿಸಿದವರೊಡನೆ ಇರುವ ಸಂಬಂಧ ಇವನ್ನು ತಿಳಿಸಿ ನಿಜವನ್ನೇ ಬರೆಯಬೇಕು. ಹಣ ಕಟ್ಟಬೇಕಾದರೆ ಕಾಗದದಲ್ಲಿ ಹೇಳಿದ ಇಲಾಖೆಗೇ ಕಟ್ಟಿ ರಸೀತಿ ಪಡೆಯಬೇಕು. ವಸ್ತು ನಿಷಿದ್ಧವೆಂದು ತಿಳಿದರೆ ಅದನ್ನು ಬಿಟ್ಟುಕೊಡುವುದೇ ಕ್ಷೇಮ. ಔಷಧವಾಗಿದ್ದರೆ ಅದೇ ದಿನ ಅಲ್ಲಿಯ ವೈದ್ಯರನ್ನು ಕಂಡು ಬದಲಿ ಔಷಧ ಪಡೆಯಬೇಕು. ಪೆಟ್ಟಿಗೆ ಬಿಡುಗಡೆಯಾಗುವ ತನಕ ಕಾಯುತ್ತ ಮಾತ್ರೆ ತಪ್ಪಿಸಕೂಡದು.

ನೆನಪಿಗೆ ಅನುಕೂಲವಾಗಲೆಂದು ಮುಖ್ಯಾಂಶಗಳನ್ನು ಇಲ್ಲಿ ಒಟ್ಟುಗೂಡಿಸಿದೆ.

1. ನಿತ್ಯದ ಔಷಧಕ್ಕೆ ಅಲ್ಲಿಯ ವೈದ್ಯರೇ ಗತಿ. ಕೈಯಲ್ಲಿ ಸದಾ ಒಂದು ತಿಂಗಳ ಮಾತ್ರೆ ಹೆಚ್ಚಿಗೆ ಇರಲಿ.

2. ಔಷಧ ಕಳುಹಿಸುವುದಾದರೆ ಮೂಲ ಪಟ್ಟಿಯಲ್ಲಿಯೇ, ಚೀಟಿ, ರಸೀತಿಗಳೊಡನೆ ಕಳುಹಿಸಿರಿ. ಬಿಡಿ ಮಾತ್ರೆಗಳನ್ನು ಡಬ್ಬಿಯಲ್ಲಿ ತುಂಬಬೇಡಿರಿ.

3. ನಿದ್ದೆಯ, ನೋವಿನ, ಕೆಮ್ಮಿನ ನಿಯಂತ್ರಿತ ಔಷಧಗಳನ್ನು ಕಳುಹಿಸಲೇಬೇಡಿರಿ.

4. ತಿನಿಸನ್ನೂ ಮದ್ದನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬೇಡಿರಿ. ಒಂದು ತಡೆದರೆ ಎರಡೂ ನಿಲ್ಲುತ್ತವೆ.

5. ಘೋಷಣೆಯಲ್ಲಿ ವಸ್ತುವಿನ ಹೆಸರನ್ನೂ ನಿಜವಾದ ಬೆಲೆಯನ್ನೂ ಬರೆಯಿರಿ. ಪಡೆಯುವವರ ದೂರವಾಣಿ ಸಂಖ್ಯೆಯನ್ನು ಮರೆಯಬೇಡಿರಿ.

6. ಹೊಲಿಸುವ ಮೊದಲು ಪಡೆಯುವವರಿಗೆ ಪಟ್ಟಿಯನ್ನು ಓದಿ ಹೇಳಿರಿ. ಆ ದೇಶದ ನಿಯಮವನ್ನು ಅವರೇ ನೋಡಿ ಒಪ್ಪಲಿ.

ತವರಿನ ಪೊಟ್ಟಣದಲ್ಲಿ ಪ್ರೀತಿ ತುಂಬಿರುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸುಂಕದವನು ಓದುವುದು ಪೆಟ್ಟಿಗೆಯ ಮೇಲಿನ ಚೀಟಿಯನ್ನು ಮಾತ್ರ. ಆ ಚೀಟಿಯನ್ನು ಸರಿಯಾಗಿ ಬರೆದು, ಮದ್ದಿನ ಭಾರವನ್ನು ಅಲ್ಲಿಯ ವೈದ್ಯರಿಗೆ ಬಿಟ್ಟು, ಪೆಟ್ಟಿಗೆಯಲ್ಲಿ ಚಟ್ನಿಪುಡಿಗೂ ಸೀರೆಗೂ ಒಂದು ಕಾಗದಕ್ಕೂ ಸ್ಥಳ ಮಾಡಿಕೊಟ್ಟರೆ ಕಳುಹಿಸಿದವರಿಗೂ ನೆಮ್ಮದಿ, ಪಡೆದವರಿಗೂ ಆರೋಗ್ಯ.